64ರ ವಯಸ್ಸಿಗೆ 650ರ ಫಟಫಟಿ: ಇಂಟರ್‌ಸೆಪ್ಟರ್ ಏಳು ತಿಂಗಳು ಹೊಡದ ಮ್ಯಾಲ

ಮೊದಲ ಹೇಳಿಬಿಡ್ತೀನಿ, ಐದಕ್ಕ ನಾಲ್ಕು ಸ್ಟಾರ್. ಕಡದ ಒಂದು ಸ್ಟಾರ್‌ನಾಗ ಅರ್ಧ ಗಾಡಿದು, ಇನ್ನರ್ಧ ನಮ್ಮ ಓಣಿದು. ಅದು ಹೆಂಗ ಅಂತ ಮುಂದ ಬರ್ತೈತಿ. ಚಾ ಮುಂದಿಟ್ಕೊಂಡು ಓದ್ರಿ, ಯಾಕಂದ್ರ ಸಣ್ಣದ್ರಾಗ ಮುಗಸೋ ಮನುಷ್ಯಾ ನಾ ಅಲ್ಲಂತ ನಮ್ಮ ಮನಿಯಾಗ ಎಲ್ಲಾರೂ ಬೈತಾರ.

ಗಾಡಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಕೆಂಪು ಬಣ್ಣ, ಸ್ಪೋಕ್ ಗಾಲಿ. 2025ರ ಯುಗಾದಿಗೆ ಮನಿಗೆ ಬಂತು, ಈಗ ದೀಪಾವಳಿ ಮುಗೀತು, ಮೀಟರ್‌ನಾಗ 6,400 ಆಗೈತಿ. ನಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಾಗ ಫಿಟ್ಟರ್ ಆಗಿ ಸೇರಿ 2021ರಾಗ ರಿಟೈರ್ ಆದವ. ವಯಸ್ಸು 64, ಎಡಗಾಲ ಮೊಣಕಾಲು ಜರಾ ತಕರಾರು ಮಾಡ್ತೈತಿ, ಒಂದ ಕಣ್ಣಿಗೆ ಪೊರಿ ಆಪರೇಶನ್ ಆಗೈತಿ. ಇದನ್ನೆಲ್ಲಾ ಯಾಕ ಹೇಳಾಕತ್ತೇನಿ ಅಂದ್ರ, ನೆಟ್‌ನಾಗ ಈ ಗಾಡಿ ಬಗ್ಗೆ ಬರಿಯೋರೆಲ್ಲಾ 25-30ರ ಹುಡುಗೂರು, ಅವರಿಗೆ ಜೀರೋದಿಂದ ನೂರಕ್ಕ ಎಷ್ಟು ಸೆಕೆಂಡ್ ಅನ್ನೋದ ಚಿಂತಿ. ನಮ್ಮಂಥವ್ರಿಗೆ ತಿಳಕೋಬೇಕಾದ್ದು ಬ್ಯಾರೇನ ಇರ್ತೈತಿ, ಅದನ್ನ ಯಾರೂ ಬರಿಯಂಗಿಲ್ಲ.

ಶೋರೂಮ್‌ಗೆ ಹೋದ ದಿವಸ ಅಲ್ಲಿದ್ದ ಹುಡುಗ ಎದ್ದು ಬಂದು ಕೇಳಿದ್ದು, "ಕಾಕಾ, ಮಗನ ಸಲುವಾಗಿ ನೋಡಾಕ ಬಂದ್ರೇನ್ರೀ?" ಅಂತ. ಇಲ್ಲಪಾ ತಮ್ಮಾ, ನನಗ ಅಂದೆ. ಆತ ಭಾಳ ಮರ್ಯಾದಿಯಿಂದ ನನ್ನ 350 ಸಿಸಿ ಸಣ್ಣ ಗಾಡಿ ಕಡೆ ಕರ್ಕೊಂಡು ಹೋದ. ಚಲೋ ಹುಡುಗ, ತಪ್ಪು ಅನ್ನಂಗಿಲ್ಲ, ನನ್ನ ಮಗ ಆಗಿದ್ರೂ ಹಂಗ ಮಾಡ್ತಿದ್ದ. ಮಾಡ್ದಾ ಕೂಡ! ಬೆಂಗಳೂರಿಂದ ಫೋನ್ ಮಾಡಿ "ಅಪ್ಪಾಜಿ, ಬೇಕಾದ್ರ ಒಂದ್ ಸ್ಕೂಟಿ ತಗೋರಿ, ಇಲ್ಲಾಂದ್ರ ಕಾರ್ ತಗೋರಿ, ಇದೇನ್ರಿ ನಡುವಿಂದು" ಅಂದ. ನಡುವಿಂದ ನನಗ ಬೇಕಾಗಿತ್ತು, ಐವತ್ತು ವರ್ಷದಿಂದ.

ಐವತ್ತು ವರ್ಷ ಅಂದ್ರ ಸುಮ್ನ ಮಾತಿಗೆ ಅಂದಿದ್ದಲ್ಲ. ನಮ್ಮ ಸೋದರಮಾವ ಗದಗನ್ಯಾಗ ಹತ್ತಿ ದಲಾಲಿ ಮಾಡ್ತಿದ್ದ, ಅವನ ಹತ್ರ ಒಂದು ಜಾವಾ ಇತ್ತು. ಟ್ಯಾಂಕಿನ ಎರಡೂ ಮಗ್ಗಲಾ ಹೊಳಿಯೋ ಕ್ರೋಮ್, ನಾವು ಹುಡುಗೂರು ಅದರಾಗ ಮಾರಿ ನೋಡ್ಕೊಂಡು ತಲಿ ಬಾಚ್ಕೋತಿದ್ವಿ. ಸೂಟಿಗೆ ಹೋದ್ರ ಮಾವ ಟ್ಯಾಂಕ್ ಮ್ಯಾಲ ಕುಂದ್ರಿಸ್ಕೊಂಡು ವೀರನಾರಾಯಣ ಗುಡಿ ತನಕ ಒಂದ್ ಸುತ್ತು ಹೊಡಸ್ತಿದ್ದ. ಆ ಹೊಗಿ ವಾಸನಿ ಐತೆಲ್ಲಾ, ಪೆಟ್ರೋಲಿನಾಗ ಆಯಿಲ್ ಕೂಡಿ ಸುಟ್ಟಿದ್ದು, ಅದು ಒಮ್ಮೆ ಮೂಗಿಗೆ ಹತ್ತಿದ್ರ ಹೋಗಂಗಿಲ್ರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ ಚಾಲೂ ಆಗಿದ್ದು 1961ರಾಗ, ನಾ ಹುಟ್ಟಿದ್ದೂ 1961ರಾಗ. ಇದನ್ನ ನಾ ಸಿಕ್ಕವ್ರಿಗೆಲ್ಲಾ ಹೇಳ್ತೀನಿ, ಕಾರ್ಖಾನಿ 1996ರಾಗ ಬಾಗಲಾ ಹಾಕಿತು, ನಾ ಇನ್ನೂ ಓಡಾಕತ್ತೇನಿ.

ನನ್ನ ಸ್ವಂತದ ಮೊದಲನೇ ಗಾಡಿ ಅದ ಕಾರ್ಖಾನಿದು, ಯೆಜ್ಡಿ, 1986ರಾಗ ಸೆಕೆಂಡ್ ಹ್ಯಾಂಡ್ ತಗೊಂಡೆ. ಈಗಿನ ಹುಡುಗೂರಿಗೆ ಹೇಳಿದ್ರ ನಂಬಂಗಿಲ್ಲ, ಅದರಾಗ ಕಿಕ್ಕೂ ಗೇರೂ ಒಂದ ಲಿವರ್. ಒಳಗ ಒತ್ತಿ ಮ್ಯಾಲ ತಿರುವಿದ್ರ ಕಿಕ್, ಹೊಡದು ಕೆಳಗ ಇಳಿಸಿದ್ರ ಗೇರ್. ಒಂದ ಪಿಸ್ಟನ್ನು, ಎರಡು ಸೈಲೆನ್ಸರ್. ಒಂದ್ ಸಲ ಕಿಡಿ ಹಾರೋ ಟೈಮಿಂಗ್ ನಾನ ತಪ್ಪು ಕೂಡ್ಸಿದ್ದೆ, ಟೂ ಸ್ಟ್ರೋಕ್ ಇಂಜಿನ್‌ಗೆ ಉಲ್ಟಾ ತಿರಗೋದೂ ಗೊತ್ತೈತಿ ಅನ್ನೋದು ಆವತ್ತ ತಿಳೀತು. ದುರ್ಗದಬೈಲ್‌ನಾಗ ಗಿರ್ಮಿಟ್ ತಿಂದು ಗಾಡಿ ಚಾಲೂ ಮಾಡಿ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ರ ಗಾಡಿ ಹಿಂದಕ್ಕ ಹೊಂಟ್ತು! ಹಿಂದ ನಿಂತಿದ್ದ ಬಾಳಿಹಣ್ಣಿನ ಗಾಡಿಯವ ನನಗ ಹೇಳಿದ ಮಾತು ಇಲ್ಲಿ ಬರಿಯೋ ಹಂಗಿಲ್ಲ.

ಆಮ್ಯಾಲ ವರ್ಕ್‌ಶಾಪ್‌ನಾಗ ನನ್ನ ಜೋಡಿ ಶಿಫ್ಟ್ ಮಾಡೋ ದೋಸ್ತಂದು ಹಳೆ ಬುಲೆಟ್, ಬಲಗಾಲಿಗೆ ಗೇರು ಎಡಗಾಲಿಗೆ ಬ್ರೇಕು. ಅದನ್ನ ಕಿಕ್ ಹೊಡಿಯೋದೂ ಒಂದ್ ವಿದ್ಯಾನ, ಆಮ್ಮೀಟರ್ (ಕರೆಂಟ್ ತೋರ್ಸೋ ಮೀಟರ್) ಮುಳ್ಳು ನಡುವ ಬರೋ ಮಟ ಸಾವಕಾಶ ಕಿಕ್ ಒತ್ತಬೇಕು, ಇಂಜಿನ್ ಒಳಗಿನ ಒತ್ತಡ ಬಿಡೋ ಲಿವರ್, ಡಿಕಂಪ್ರೆಸರ್ ಅಂತಾರ, ಅದನ್ನ ಹಿಡದು ಜರಾ ದಾಟಿಸಬೇಕು, ಆಮ್ಯಾಲ ಪೂರಾ ಮೈಭಾರ ಹಾಕಿ ಒದಿಬೇಕು. ಅವಸರ ಮಾಡಿದ್ರ ತಿರುಗಿ ಒದಿತಿತ್ತು. ಅಳಿಯಂದು ಯಮಹಾ ಆರ್‌ಎಕ್ಸ್ 100 ಒಂದೆರಡು ವರ್ಷ ನನ್ನ ಕೈಯಾಗ ಇತ್ತು, ಅದರ ಬಗ್ಗೆ ಏನೂ ಹೇಳಂಗಿಲ್ಲ, ಹೇಳಾಕ ಕುಂತ್ರ ಇದು ಇಂಟರ್‌ಸೆಪ್ಟರ್ ರಿವ್ಯೂ ಆಗಿ ಉಳ್ಯಂಗಿಲ್ಲ.

ಮಕ್ಕಳ ಸಾಲಿ, ಮನಿ ಸಾಲ ಶುರು ಆದ ಮ್ಯಾಲ 1997ರಾಗ ಯೆಜ್ಡಿ ಕೊಟ್ಟು ಸ್ಪ್ಲೆಂಡರ್ ತಗೊಂಡೆ. ಇಪ್ಪತ್ತು ವರ್ಷದ ಮ್ಯಾಲ ಹೊಡದೇನಿ. ಸ್ಪ್ಲೆಂಡರ್ ಅಂದ್ರ ಗಾಡಿ ಅಲ್ರಿ, ಪಗಾರ ಇದ್ದಂಗ. ತಪ್ಪದ ಬರ್ತೈತಿ, ಮನಿ ನಡಸ್ತೈತಿ, ಆದ್ರ ಪಗಾರದ ಮ್ಯಾಲ ಯಾರಾದ್ರೂ ಹಾಡು ಕಟ್ಟ್ಯಾರೇನು?

ಹಿಂಗಾಗಿ 2018ರ ನವೆಂಬರ್‌ನಾಗ ಪೇಪರ್‌ನಾಗ ಒಂದ ವಾರದಾಗ ಎರಡು ಸುದ್ದಿ ಬಂದಾಗ ನಾ ರಾತ್ರಿ ನಿದ್ದಿ ಮಾಡಲಿಲ್ಲ. ಒಂದು, ಜಾವಾ ಹೆಸರಿನ ಗಾಡಿ ತಿರುಗಿ ಬಂತು. ಇನ್ನೊಂದು, ಈ ಇಂಟರ್‌ಸೆಪ್ಟರ್ ಬಂತು. ಮನಸ್ಸು ಜಾವಾದ ಕಡೆ ಎಳೀತು, ಸುಳ್ಳು ಹೇಳಂಗಿಲ್ಲ. ಆದ್ರ ಹೊಸಾದು ಫೋರ್ ಸ್ಟ್ರೋಕ್, ಪೆಟ್ರೋಲಿನಾಗ ಆಯಿಲ್ ಕೂಡಿಸಿ ಸುಡಂಗಿಲ್ಲ, ಹೊಗಿ ಕಾಯ್ದೆ ಹಂಗ ಐತಿ, ಯಾರೂ ಏನೂ ಮಾಡಾಕ ಬರಂಗಿಲ್ಲ, ನನಗ ಬೇಕಾಗಿದ್ದು ಆ ಹೊಗಿ ವಾಸನಿ. ಅದು ಇಲ್ಲಾಂದ ಮ್ಯಾಲ ಹೆಸರಿನ ಸಲುವಾಗಿ ಯಾಕ ತಗೊಳ್ಳೋದು, ಪೂರಾ ಬ್ಯಾರೇದ ಏನರ ನೋಡೋಣು ಅಂತ ಈ ಕಡೆ ತಿರುಗಿದೆ. ತಿರುಗಿ ಆರು ವರ್ಷದ ಮ್ಯಾಲ ಕಾದೆ. ಮಗಳ ಮದುವಿ, ರಿಟೈರ್‌ಮೆಂಟು, ಕರೋನಾ, ಕಣ್ಣು, ಒಂದಾದ ಮ್ಯಾಲ ಒಂದು.

ಈಗ ಗಾಡಿ. ಇಂಜಿನ್ 648 ಸಿಸಿ, ಎರಡು ಸಿಲಿಂಡರ್ ಬಾಜೂಕ ಬಾಜೂ. 47 ಬಿಎಚ್‌ಪಿ, 52 ಎನ್‌ಎಂ ಟಾರ್ಕ್ (ತಿರುವೋ ಬಲ), ಆರು ಗೇರ್. ಈ ನಂಬರ್ ಎಲ್ಲಾ ಕಡೆ ಸಿಗ್ತಾವು, ನಾ ನನ್ನ ಲೆಕ್ಕದಾಗ ಹೇಳ್ತೀನಿ: ಜೋರು ಆರು ಸ್ಪ್ಲೆಂಡರ್‌ದು, ಭಾರ ಎರಡು ಸ್ಪ್ಲೆಂಡರ್‌ದು. ಪೆಟ್ರೋಲ್ ತುಂಬಿಸಿದ್ರ 217 ಕೆಜಿ ಹತ್ರ ಆಗ್ತೈತಿ. ಗಾಡಿ ತಗೊಳ್ಳೋಕಿಂತ ಮೊದಲ ಎಲ್ಲಾರೂ, ಅಂದ್ರ ಮಗ, ಅಳಿಯ, ಡಾಕ್ಟರು, ಕಟಿಂಗ್ ಅಂಗಡಿಯವ, ಎಲ್ಲಾರೂ ಹೆದರಿಸಿದ್ದು ಆ ಆರರ ಲೆಕ್ಕಕ್ಕ. ಒಬ್ಬಾವನೂ ಆ ಎರಡರ ಲೆಕ್ಕ ಎತ್ತಲಿಲ್ಲ ನೋಡ್ರಿ. ಏಳು ತಿಂಗಳದಾಗ ನನಗ ತ್ರಾಸ ಕೊಟ್ಟಿದ್ದು ಆ ಎರಡು, ಆರಲ್ಲ.

ಜೋರಿನ ಮಾತು ಮೊದಲ ಮುಗಸೋಣು. ಈ ಇಂಜಿನ್ 2,500 ಆರ್‌ಪಿಎಂಗ ತನ್ನ ಟಾರ್ಕಿನ 80 ಪರ್ಸೆಂಟ್ ಕೊಡ್ತೈತಿ ಅಂತ ಕಂಪನಿಯವ್ರು ಹೇಳ್ತಾರ. ಹೊಡದವ್ರಿಗೆ ಅದರ ಅರ್ಥ ಏನಂದ್ರ, ಉಣಕಲ್ ಕೆರಿ ಹತ್ರ ಟ್ರಾಫಿಕ್‌ನಾಗ ನಾಕನೇ ಗೇರಿನಾಗ 35ರಾಗ ಹೊಂಟೀರಿ, ಮುಂದ ಜಾಗಾ ಸಿಕ್ತು, ಗೇರ್ ಇಳಸೋದು ಬ್ಯಾಡ, ಜಗ್ಗಾಡೋದು ಬ್ಯಾಡ, ಆಕ್ಸಿಲರೇಟರ್ ಜರಾ ತಿರುವಿದ್ರ ಹಿಂದಿಂದ ಯಾರೋ ಅಂಗೈ ಹಚ್ಚಿ ದೂಡಿದಂಗ ಹೋಗ್ತೈತಿ. ಆರ್‌ಎಕ್ಸ್ ಹಂಗ ಅಲ್ಲ, ಅದು ಸುಮ್ನ ಸುಮ್ನ ಹೋಗಿ ಒಮ್ಮೆಲೇ ಹುಚ್ಚು ಹಿಡದಂಗ ಜಿಗೀತಿತ್ತು. ಇದು ನೀವು ಎಷ್ಟು ತಿರುವ್ತೀರಿ ಅಷ್ಟ ಕೊಡ್ತೈತಿ. ಕ್ಲಚ್ ಭಾಳ ಹಗುರ, ಸ್ಲಿಪ್ಪರ್ ಕ್ಲಚ್ ಅಂತಾರ, ಗೇರ್ ಅವಸರದಾಗ ಇಳಿಸಿದ್ರೂ ಹಿಂದಿನ ಗಾಲಿ ಝಟಕಾ ಹೊಡಿಯಂಗಿಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿ ಇರೋ ನಮ್ಮಂಥವ್ರಿಗೆ ಈ ಕ್ಲಚ್ ದೊಡ್ಡ ಉಪಕಾರ.

ಸದ್ದಿನ ಬಗ್ಗೆ ಒಂದ್ ಮಾತು, ಯಾಕಂದ್ರ 38 ವರ್ಷ ಸದ್ದು ಕೇಳಿನ ನಾ ಹೊಟ್ಟಿ ಹೊರದೇನಿ, ಬೇರಿಂಗ್ ಹೋಗೈತಿ ಅಂತ ಮೊದಲ ತಿಳಿಯೋದು ಕಿವಿಗೆ, ಕಣ್ಣಿಗೆ ಆಮ್ಯಾಲ. ಈ ಇಂಜಿನ್‌ನಾಗ ಎರಡೂ ಪಿಸ್ಟನ್ ಕ್ರ್ಯಾಂಕ್ (ಪಿಸ್ಟನ್ ಏರಿಳಿದಂಗ ತಿರುಗೋ ದಂಡ) ಮ್ಯಾಲ 270 ಡಿಗ್ರಿ ಅಂತರದಾಗ ಕೂಡ್ಸ್ಯಾರ. ಹಂಗಾಗಿ ಎರಡೂ ಸಿಲಿಂಡರ್ ಸರಿಸಮ ಅಂತರಕ್ಕ ಹೊಡಿಯಂಗಿಲ್ಲ, ಒಂದು ಹೊಡದು ಬೆನ್ನಿಗೇ ಇನ್ನೊಂದು, ಆಮ್ಯಾಲ ಜರಾ ತಡದು ತಿರುಗಿ ಒಂದು. ಹಳೆ ಬುಲೆಟ್ಟಿಂದು ಒಬ್ಬಾವ ಒನಕಿ ತಗೊಂಡು ಕುಟ್ಟಿದಂಗ ಇರ್ತಿತ್ತು, ಇದು ಇಬ್ಬರು ಎದುರಾಬದುರು ನಿಂತು ಒಂದ ಒಳ್ಳಾಗ ಕುಟ್ಟಿದಂಗ. ನಡುಕ ಕಡಿಮಿ ಮಾಡಾಕ ಒಳಗ ಬ್ಯಾಲೆನ್ಸರ್ ಶಾಫ್ಟ್ ಬ್ಯಾರೆ ಹಾಕ್ಯಾರ. ಡಗ್ ಡಗ್ ಡಗ್ ಅಂತ ಓಣಿ ಕಿಟಕಿ ನಡಗಬೇಕು ಅನ್ನವ್ರು ಇದನ್ನ ತಗೋಬ್ಯಾಡ್ರಿ, ಬಾಯಿ ಸಪ್ಪಗ ಆಗ್ತೈತಿ. ನನಗ ಸೇರ್ತು.

ಇನ್ನ ಆ ಭಾರದ ಕಥಿ. ನಮ್ಮ ಮನಿ ಇರೋ ಓಣಿ ಗದಗ ರೋಡ್ ಕಡೆ, ಕಾರು ಬಂದ್ರ ಸೈಕಲ್ಲು ಗ್ವಾಡಿಗೆ ಹತ್ತಿ ನಿಲ್ಲಬೇಕು ಅಷ್ಟ ಅಗಲ. ಮನಿ ಮುಂದ ಗಟಾರ, ಗಟಾರದ ಮ್ಯಾಲ ಎರಡು ಫರಸಿ, ಫರಸಿ ದಾಟಿ ಒಳಗ ಇಳಜಾರು. ಗಾಡಿ ಒಳಗ ಹೋಗೋದು ಸಲೀಸು, ಮೂತಿ ಮುಂದ ಮಾಡಿ ಇಳಿದು ಬಿಡ್ತೈತಿ. ಹೊರಗ ತರೋದು ಹಿಂದ ಹಿಂದ, ಏರಿಗೆ, 217 ಕೆಜಿ. ಯುಗಾದಿ ಆಗಿ ಮೂರನೇ ವಾರ, ಬೆಳಿಗ್ಗೆ ಆರಕ್ಕ, ಅರ್ಧ ಗಾಡಿ ಹೊರಗ ಬಂದೈತಿ, ಎಡಗಾಲು ಫರಸಿ ಮ್ಯಾಲ ಇಟ್ಟೆ, ಫರಸಿ ಮ್ಯಾಲ ಯಾರೋ ನೀರು ಚಲ್ಲಿದ್ರು, ಕಾಲು ಜಾರ್ತು. ಗಾಡಿ ಒಮ್ಮೆಲೇ ಬೀಳಲಿಲ್ರಿ, ಎಮ್ಮಿ ಮಲಗಿದಂಗ ಸಾವಕಾಶ ಮಲಗಿತು, ನಾ ಹಿಡ್ಕೊಂಡ ನಿಂತೆ, ಹಿಡ್ಕೊಂಡ ಕುಂತೆ. ಸ್ಪೀಡು ಸೊನ್ನಿ. ಇಂಜಿನ್ ಬಂದ್. ನೂರಾ ಹತ್ತರಾಗ ಹೊಡದಾಗ ಏನೂ ಆಗದ ಮನುಷ್ಯಾ ಮನಿ ಹೊಸ್ತಿಲಕ್ಕ ಬಿದ್ದ ಅಂತ ನಮ್ಮಾಕಿ ಇವತ್ತಿಗೂ ಬಂದವ್ರಿಗೆಲ್ಲಾ ಹೇಳ್ತಾಳ.

ಆವತ್ತ ಬಾಜೂ ಮನಿ ಇಬ್ಬರು ಹುಡುಗೂರು ಬಂದು ಎಬ್ಬಿಸಿದ್ರು. ಕ್ರ್ಯಾಶ್ ಗಾರ್ಡ್ ಹಾಕ್ಸಿದ್ದೆ, ಟ್ಯಾಂಕಿಗೆ ಏನೂ ಆಗಲಿಲ್ಲ, ಗಾರ್ಡ್‌ಗೆ ಒಂದ್ ಗೀರು. ಆಮ್ಯಾಲ ನಾ ಒಬ್ಬನ ಎಬ್ಬಸೋದು ಕಲತೆ, ನಮ್ಮ ವಯಸ್ಸಿನವ್ರು ಇದನ್ನ ಕಲೀದ ಈ ಗಾಡಿ ಮುಟ್ಟಬ್ಯಾಡ್ರಿ. ಮೊದಲ ಇಂಜಿನ್ ಬಂದ್ ಮಾಡಿ ಫಸ್ಟ್ ಗೇರಿಗೆ ಹಾಕಬೇಕು, ಇಲ್ಲಾಂದ್ರ ಉರುಳಿ ಹೋಗ್ತೈತಿ. ಬಲಕ್ಕ ಬಿದ್ದಿದ್ರ ಎಬ್ಬಸೂಕಿಂತ ಮೊದಲ ಸೈಡ್ ಸ್ಟ್ಯಾಂಡ್ ತಗದಿಡಬೇಕು, ಆ ಕಡೆಯಿಂದ ಎಬ್ಬಿಸಿದ್ದು ಈ ಕಡೆ ಬೀಳಬಾರದಲ್ಲ. ಆಮ್ಯಾಲ ಗಾಡಿಗೆ ಬೆನ್ನು ಮಾಡಿ ಕುಂಡಿ ಸೀಟಿಗೆ ಹಚ್ಚಿ ಕುಂದ್ರಬೇಕು, ಒಂದ್ ಕೈ ಹ್ಯಾಂಡಲ್, ಇನ್ನೊಂದ್ ಕೈ ಹಿಂದಿನ ಗಟ್ಟಿ ಕಬ್ಬಿಣ, ನಡಾ ಬಗ್ಗಸಬಾರದು, ಕಾಲಿನ ಜೋರಿನ ಮ್ಯಾಲ ಹಿಂದ ಹಿಂದ ಸಣ್ಣ ಹೆಜ್ಜಿ ಇಡ್ಕೋತ ಏಳಬೇಕು. ವರ್ಕ್‌ಶಾಪ್‌ನಾಗ ಭಾರ ಎತ್ತೋದು ಕಲಸಿದ ಮಿಸ್ತ್ರಿ ಹೇಳ್ತಿದ್ದ, ಬೆನ್ನು ಇರೋದು ಹೊರಾಕ, ಎತ್ತಾಕ ತೊಡಿ ಅದಾವು ಅಂತ. ನಲವತ್ತು ವರ್ಷದ ಮ್ಯಾಲ ಕೆಲಸಕ್ಕ ಬಂತು.

ಹೈವೇ ಮ್ಯಾಲ ಆ ಭಾರ ಎಲ್ಲಿ ಹೋಗ್ತೈತೋ ಗೊತ್ತಿಲ್ಲ. ಏಪ್ರಿಲ್‌ನಾಗ ಮೊದಲನೇ ಸರ್ವಿಸ್ ಮುಗಿಸ್ಕೊಂಡು (500 ಕಿಲೋಮೀಟರ್‌ಗೆ ಅದು) ಒಬ್ಬನ ಹಾವೇರಿ ಕಡೆ ಹೊಂಟೆ. ತಡಸ ಕ್ರಾಸ್ ದಾಟಿ ಶಿಗ್ಗಾಂವಿ, ಬಂಕಾಪುರ, ಆರನೇ ಗೇರು, ತೊಂಬತ್ತು. ಗಾಡಿ ಅಲ್ಲಿ ಏನೂ ಕೇಳಂಗಿಲ್ಲ. ಲಾರಿ ಬಂತು, ಜರಾ ತಿರುವಿದ್ರ ಹಿಂದ ಬಿತ್ತು, ತಿರುಗಿ ತೊಂಬತ್ತು. ಸ್ಪ್ಲೆಂಡರ್ ಮ್ಯಾಲ ಲಾರಿ ದಾಟಬೇಕಂದ್ರ ಮನಸ್ಸಿನಾಗ ಲೆಕ್ಕ ಹಾಕಬೇಕಾಗಿತ್ತು, ದೇವರ ನೆನಸಬೇಕಾಗಿತ್ತು, ಇಲ್ಲಿ ಮುಗದು ಹೋಗಿರ್ತೈತಿ. ಹಂಗ ನೋಡಿದ್ರ ಮುದುಕರಿಗೆ ಜೋರಿನ ಗಾಡಿನ ಚಲೋ ಅಂತ ನನ್ನ ವಾದ, ಎದುರಿನ ಬಾಜೂ ಎಷ್ಟು ಕಡಿಮಿ ಹೊತ್ತು ಇರ್ತೀವಿ ಅಷ್ಟ ಒಳ್ಳೇದು. ಮೋಟೆಬೆನ್ನೂರಿಗೆ ಹೊಳ್ಳಿ ಬ್ಯಾಡಗಿ ಕಡೆ ಹೋದೆ, ಮೆಣಸಿನಕಾಯಿ ಸೀಸನ್ ಇನ್ನೂ ಪೂರಾ ಮುಗದಿರಲಿಲ್ಲ, ಮಾರ್ಕೆಟ್ ಹತ್ರ ಹೋಗ್ತಿದ್ದಂಗ ಹೆಲ್ಮೆಟ್ ಒಳಗ ಘಾಟು ತುಂಬಿ ಐದು ಸೀನು ಸೀನಿದೆ, ಕಣ್ಣಾಗ ನೀರು. ಆಪರೇಶನ್ ಮಾಡಿದ ಡಾಕ್ಟರು ನೋಡಿದ್ರ ಅಲ್ಲೇ ಹೊಡಿತಿದ್ರು. ಗಾಳಿ ಮಾತ್ರ ಎದಿಗೆ ನೇರ ಹೊಡಿತೈತಿ, ಮುಂದ ಕಾಚು ಗೀಚು ಏನೂ ಇಲ್ಲದ ಗಾಡಿ ಇದು, ನೂರರ ಮ್ಯಾಲ ಒಂದ್ ತಾಸು ಹೊಡದ್ರ ಕುತ್ತಿಗಿ ಹೇಳ್ತೈತಿ. ಹೊಡಿಬ್ಯಾಡ್ರಿ, ಎಂಬತ್ತೈದು ತೊಂಬತ್ತು ಇದರ ಹದ.

ಧಾರವಾಡ ಕಡೆ ಹೋಗೋದಿದ್ರ ನಾ ಬೈಪಾಸ್ ಮ್ಯಾಲ ಹೋಗಂಗಿಲ್ಲ. ಗಬ್ಬೂರಿಂದ ನರೇಂದ್ರ ತನಕ ಆ ಎರಡು ಲೇನಿನ ರೋಡ್ ಎಷ್ಟು ಮಂದಿನ ತಿಂದೈತಿ ಅಂತ ನಮ್ಮ ಕಡೆಯವ್ರಿಗೆ ಹೇಳೋದ ಬ್ಯಾಡ, ಅಗಲ ಮಾಡೋ ಕೆಲಸ ಹಿಡದಾರ, ಮುಗದ ಮ್ಯಾಲ ನೋಡೋಣು. ಊರೊಳಗಿಂದ, ಚಿಗರಿ ಬಸ್ಸಿಗಂತನ ಇರೋ ರೋಡಿನ ಬಾಜೂ, ನವನಗರ ಹಿಡದು ಸಾವಕಾಶ ಹೋಗಿ ಲೈನ್ ಬಜಾರ್‌ನಾಗ ಅರ್ಧ ಕೆಜಿ ಫೇಡೆ ತಗೊಂಡು ಬರೋದು. ಸಿಗ್ನಲ್‌ನಾಗ ನಿಂತ್ರ ಬ್ಯಾಸಗಿಯಾಗ ತೊಡಿಗೆ ಬಿಸಿ ಹತ್ತತೈತಿ. ಗಾಳಿ ಮತ್ತ ಆಯಿಲ್ ಮ್ಯಾಲ ತಣ್ಣಗಾಗೋ ಇಂಜಿನ್, ಮುಂದ ಸಣ್ಣ ಆಯಿಲ್ ಕೂಲರ್ ಐತಿ, ಗಾಡಿ ಓಡಿದ್ರ ತಾನೂ ತಣ್ಣಗ ನೀವೂ ತಣ್ಣಗ, ನಿಂತ್ರ ಇಬ್ಬರಿಗೂ ಝಳ. ಸಿಗ್ನಲ್ ಉದ್ದ ಇದ್ರ ಬಂದ್ ಮಾಡಿಬಿಡ್ರಿ.

ಮೈಲೇಜ್ ಕೇಳ್ತೀರಿ, ಕೇಳ್ರಿ, ಎಲ್ಲಾರೂ ಕೇಳ್ತಾರ, ಪೆಟ್ರೋಲ್ ಪಂಪ್‌ನ ಹುಡುಗನೂ ಕೇಳ್ತಾನ. ನನಗ ಊರಾಗ 21-22, ಹೈವೇ ಮ್ಯಾಲ 26 ಬಂದೈತಿ. ಟ್ಯಾಂಕ್ 13.7 ಲೀಟರ್, ಅಂದ್ರ 280-300ಕ್ಕ ಪಂಪ್ ಹುಡುಕಬೇಕು. ದೂರ ಹೋಗವ್ರಿಗೆ ಟ್ಯಾಂಕ್ ಸಣ್ಣದಾತು ಅನಸ್ತೈತಿ, ನನಗ ಅಷ್ಟೊತ್ತಿಗೆ ನಡಾನ ಇಳಿ ಅಂತಿರ್ತೈತಿ, ಲೆಕ್ಕ ಸರಿ ಆತು.

ಜೂನ್‌ನಾಗ ನಮ್ಮಾಕಿನ ಕರ್ಕೊಂಡು ಲಕ್ಕುಂಡಿಗೆ ಹೋಗಿದ್ದು ಹೇಳಬೇಕು, ಯಾಕಂದ್ರ ಇದನ್ನ ಯಾವ ಹುಡುಗನೂ ರಿವ್ಯೂದಾಗ ಬರದಿಲ್ಲ. ನಮ್ಮ ಕಡೆ ಹೆಣಮಕ್ಕಳು ಸೀರಿ ಉಟ್ಟು ಎಡಕ್ಕ ಎರಡೂ ಕಾಲು ಬಿಟ್ಟು ಕುಂದ್ರೋದು ರೂಢಿ. ಈ ಗಾಡಿಗೆ ಎರಡೂ ಕಡೆ ಸೈಲೆನ್ಸರ್. ಎಡಕ್ಕ ಕಾಲು ಬಿಟ್ರ ಹಿಮ್ಮಡ ಕಾದ ಪೈಪಿನ ಹತ್ರಾನ ಬರ್ತೈತಿ. ಸೀಟೂ ಎತ್ತರ. ಅಕಿ ಒಂದ್ ಸಲ ಕುಂತು ನೋಡಿ ಇಳದು ಒಳಗ ಹೋದ್ಳು, ನಾ ಮುಗೀತು ಅಂದ್ಕೊಂಡೆ, ಹತ್ತು ಮಿನಿಟಿಗೆ ಮಗಳು ಬಿಟ್ಟು ಹೋಗಿದ್ದ ಚೂಡಿದಾರ್ ಹಾಕ್ಕೊಂಡು ಹೊರಗ ಬಂದ್ಳು! ಮದುವಿ ಆಗಿ 35 ವರ್ಷದಾಗ ಮೊದಲನೇ ಸಲ ನನ್ನ ಹಿಂದ ಗಂಡಸರಂಗ ಎರಡೂ ಕಡೆ ಕಾಲು ಹಾಕಿ ಕುಂತ್ಳು. ಅಣ್ಣಿಗೇರಿ ತನಕ ಒಂದ ಮಾತು, "ಓಣಿ ಮಂದಿ ನೋಡಿದ್ರೇನ್ರೀ?" ಆಮ್ಯಾಲ ಸುಮ್ಮನಾದ್ಳು, ಎರೀ ಹೊಲ ಮಳಿಗೆ ಕರ್ರಗ ಹದ ಆಗಿದ್ವು, ಬಿತ್ತಗಿ ನಡದಿತ್ತು, "ಇನ್ನೂ ಸ್ವಲ್ಪ ಜೋರ ಹೊಡಿರಿ, ಏನೂ ಆಗಂಗಿಲ್ಲ" ಅಂದ್ಳು. ನಾ ಕನ್ನಡಿಯಾಗ ನೋಡಿದೆ, ಬ್ಯಾರೆ ಯಾರಾದ್ರೂ ಕುಂತಾರೇನು ಅಂತ.

ಅಣ್ಣಿಗೇರಿ ದಾಟಿ ಸ್ವಲ್ಪ ಮುಂದ ಹಿಂದಿನ ಗಾಲಿಗೆ ಮೊಳಿ ಹೊಕ್ತು. ಇಲ್ಲಿ ಒಂದ್ ಪಾಠ ಐತಿ. ಸ್ಪೋಕ್ ಗಾಲಿ ಅಂದ್ರ ಒಳಗ ಟ್ಯೂಬು. 2023ರಿಂದ ಕೆಲವು ಬಣ್ಣದ ಮಾಡೆಲ್‌ಗೆ ಅಲಾಯ್ ಗಾಲಿ, ಟ್ಯೂಬ್‌ಲೆಸ್ ಟೈರ್ ಬರ್ತಾವು, ನನಗ ಗೊತ್ತಿತ್ತು, ಗೊತ್ತಿದ್ದೂ ಸ್ಪೋಕ್ ತಗೊಂಡೆ, ಯಾಕಂದ್ರ ಸ್ಪೋಕ್ ಇಲ್ಲದ ಫಟಫಟಿ ನನ್ನ ಕಣ್ಣಿಗೆ ಹಣಿಗೆ ಕುಂಕುಮ ಇಲ್ಲದಂಗ ಕಾಣ್ತೈತಿ. ಟ್ಯೂಬ್‌ಲೆಸ್ ಆಗಿದ್ರ ಮೊಳಿ ಕಿತ್ತು ಬತ್ತಿ ತುರುಕಿ ಹತ್ತು ಮಿನಿಟಿನ ಕೆಲಸ. ಟ್ಯೂಬ್ ಅಂದ್ರ ಗಾಲಿ ಬಿಚ್ಚಬೇಕು, ಚೈನ್ ಇಳಸಬೇಕು, ಟೈರ್ ಎಬ್ಬಸಬೇಕು. ಪಂಕ್ಚರ್ ಅಂಗಡಿ ಹುಡುಗ ಇಷ್ಟು ದೊಡ್ಡ ಗಾಡಿ ನೋಡಿ "ಮಾಮಾ, ಇದು ನನ್ನ ಕೈಲೆ ಆಗಂಗಿಲ್ರಿ" ಅಂದ. ನಾ ತೋಳು ಮ್ಯಾಲ ಮಾಡಿ ಕುಂತೆ, ಪಾನಾ ಅವಂದು ಕೈ ನಂದು, ಹೊಳ್ಳಿ ಕೂಡ್ಸೋ ಮುಂದ ಚೈನಿನ ಎರಡೂ ಕಡೆ ಗುರುತು ಸರಿ ಮಾಡೋದು ಅವನಿಗೆ ತೋರಿಸಿದೆ. ಎರಡು ತಾಸು ಹೋತು. ಅಷ್ಟೊತ್ತಿಗೆ ನಮ್ಮಾಕಿ ಆ ಹುಡುಗನ ಅವ್ವನ ಜೋಡಿ ಕುಂತು ಬದನಿಕಾಯಿ ಎಣ್ಣಿಗಾಯಿ ಲೆಕ್ಕ ಪೂರಾ ಮುಗಿಸಿದ್ಳು. ರೊಕ್ಕ ತಗೊಳ್ಳಾಕ ಹುಡುಗ ಒಲ್ಲೆ ಅಂದ, ಕೊಟ್ಟ ಬಂದೆ. ಲಕ್ಕುಂಡಿ ಮುಟ್ಟಿದಾಗ ಬಿಸಲು ಇಳಿಯಾಕತ್ತಿತ್ತು, ಕಾಶಿ ವಿಶ್ವನಾಥ ಗುಡಿ ಬಾಗಲದ ಕೆತ್ತನಿ ಮ್ಯಾಲ ಆ ಬೆಳಕು ಬಿದ್ದಿದ್ದು ನೋಡಿ ಇಬ್ಬರೂ ಪಂಕ್ಚರ್ ಮರತ್ವಿ. ಊರಾಗ ಹೊಡಿಯವ್ರು ಸ್ಪೋಕ್ ತಗೋರಿ, ಅಡ್ಡಾಡವ್ರು ಸುಮ್ನ ಅಲಾಯ್ ತಗೋರಿ, ನನ್ನಂಗ ಚಂದಕ್ಕ ಬೀಳಬ್ಯಾಡ್ರಿ.

ರಿಪೇರಿ ವಿಷಯ ಫಿಟ್ಟರ್ ಕಣ್ಣಿಗೆ ಛಲೋ ಐತಿ. ಟ್ಯಾಪೆಟ್‌ಗೆ (ಇಂಜಿನ್ ವಾಲ್ವಿನ ಸಂದು ಹೊಂದಸೋ ಜಾಗಾ) ಸ್ಕ್ರೂ, ಲಾಕ್‌ನಟ್, ಅಂದ್ರ ಸಂದು ಅಳಿಯೋ ಒಂದ್ ಫೀಲರ್ ಗೇಜ್ ಇದ್ದವ ಮಾಡಬಹುದು, ದೊಡ್ಡ ಗಾಡಿಗಳಾಗ ಶಿಮ್ ಅನ್ನೋ ತೆಳು ಬಿಲ್ಲೆ ಹಾಕಿ ತಗಿಯೋ ರಗಳಿ ಇರ್ತೈತಿ, ಇಲ್ಲಿ ಇಲ್ಲ. ಗ್ಯಾರಂಟಿ ಮುಗಿಯೋ ಮಟ ನಾ ಕೈ ಹಚ್ಚಂಗಿಲ್ಲ, ಕೈ ತಿನಸಾಕತ್ತೈತಿ, ಖರೆ. ಈಗ ನಾ ಮಾಡೋದು 500 ಕಿಲೋಮೀಟರ್‌ಗೊಮ್ಮೆ ಚೈನ್ ಒರಸಿ ಗೇರ್ ಆಯಿಲ್ ಹಚ್ಚೋದು ಅಷ್ಟ.

ರೊಕ್ಕ. ಆನ್‌ರೋಡ್ ನಾಲ್ಕು ಲಕ್ಷದ ಹತ್ರ ಹತ್ರ ಆತು. ನನ್ನ ನಸೀಬು ಏನಂದ್ರ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾತು, 350 ಸಿಸಿ ತನಕದ ಗಾಡಿಗೆ 28 ಪರ್ಸೆಂಟಿಂದ 18ಕ್ಕ ಇಳಿಸಿದ್ರು, ಅದರ ಮ್ಯಾಲಿಂದಕ್ಕ 40 ಮಾಡಿದ್ರು, ಮೊದಲ ಸೆಸ್ ಕೂಡಿ 31 ಇತ್ತು. ಈಗ ತಗೊಳ್ಳವ್ರಿಗೆ ಆ ಫರಕು ಬೀಳ್ತೈತಿ, ನೋಡ್ಕೊಂಡು ಹೋಗ್ರಿ. ಇನ್ನೊಂದು, 55 ದಾಟಿದವ್ರಿಗೆ ಲೈಸೆನ್ಸ್ ಐದೈದು ವರ್ಷಕ್ಕ ರಿನ್ಯೂ ಆಗ್ತೈತಿ, ಡಾಕ್ಟರ್ ಸರ್ಟಿಫಿಕೇಟ್ ಬೇಕು. ಭಾಳ ಮಂದಿ ಹಳೆ ಲೈಸೆನ್ಸ್ ಕಿಸೆದಾಗ ಇಟ್ಕೊಂಡು ಅಡ್ಡಾಡ್ತಾರ, ತಾರೀಖು ನೋಡಿರಂಗಿಲ್ಲ. ಗಾಡಿ ಬುಕ್ ಮಾಡೂಕಿಂತ ಮೊದಲ ಅದನ್ನ ತಗದು ನೋಡ್ರಿ.

ದಸರಾದಾಗ ಖಂಡೆ ಪೂಜಿಗೆ ಗಾಡಿ ತೊಳದು ಚೆಂಡುಹೂವಿನ ಮಾಲಿ ಹಾಕಿ ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು, ಬಾಜೂಕ ನನ್ನ ಹಳೆ ಪಾನಾ ಪೆಟ್ಟಿಗಿನೂ ಇಟ್ಟೆ. ಮರುದಿನ ಬನ್ನಿ ಕೊಡಾಕ ಬಂದ ಬಾಜೂ ಮನಿ ಹುಡುಗ, ಅದ, ಮೊದಲ ಎಬ್ಬಸಾಕ ಬಂದವ, ಕೇಳ್ದ, "ಅಜ್ಜಾರ, ಒಂದ್ ರೌಂಡ್ ಕೊಡ್ತೀರೇನ್ರೀ?" ಕೊಡತೀನಿ, ಆದ್ರ ಮೊದಲ ಹಿಂದ ಹಿಂದ ಮಾಡಿ ಹೊರಗ ತಂದು ತೋರ್ಸು ಅಂದೆ. ಫರಸಿ ಮಟ ತಂದು ಅಲ್ಲೇ ನಿಂತ, ಮಾರಿ ಕೆಂಪಗ ಆತು. 22 ವರ್ಷದವ, ಜಿಮ್‌ಗೆ ಹೋಗ್ತಾನ. ನನಗ ಎಷ್ಟು ಸಮಾಧಾನ ಆತು ಅಂತ ಏನ ಹೇಳ್ಲಿ.

ಅದ ವಾರ ಗೌಂಡಿನ ಕರಸಿದೆ. ಫರಸಿ ತಗಸಿ, ಗಟ್ಟಿ ಸಿಮೆಂಟ್ ಹಾಕಿಸಿ, ಒಳಗಿನ ಇಳಜಾರು ಸಮ ಮಾಡಿಸಿ, ಗಾಡಿ ಒಳಗ ತಿರುಗಿ ಮೂತಿ ಮುಂದ ಮಾಡಿ ಹೊರಗ ಬರೋ ಹಂಗ ಜಾಗಾ ಮಾಡಿಸಿದೆ, ಅದಕ್ಕ ತುಳಸಿ ಕಟ್ಟಿ ಒಂದು ಎರಡು ಮಾರು ಸರಸಬೇಕಾತು. ನಮ್ಮಾಕಿ ಆ ಕಟ್ಟಿಗೆ ಒಂದು ಮೆಟ್ಟಿಲು ಮಾಡಸ್ರಿ ಅಂತ ಮನಿ ಕಟ್ಟಿದಾಗಿಂದ ಹೇಳಾಕತ್ತಿದ್ಳು. ಗೌಂಡಿ ಸಿಮೆಂಟ್ ಕಲಿಸೋ ಮುಂದ ಅಕಿ ಬಂದು ಅವನ ಬಾಜೂ ನಿಂತ್ಳು, ನನ್ನ ಕಡೆ ನೋಡಲಿಲ್ಲ, "ತಮ್ಮಾ, ಇನ್ನೆರಡು ಪುಟ್ಟಿ ಜಾಸ್ತಿ ಕಲಸಪಾ" ಅಂದ್ಳು.